ಡೇಲಿಯಾ ಗೆಡ್ಡೆಯ ಹನ್ನೆರಡು ತಿಂಗಳು

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಧನುರ್ಮಾಸದಿಂದ ಶಿವರಾತ್ರಿಯವರೆಗೆ ಅರಳುವ ಹೂಗಳ ಪೈಕಿ ಡೇಲಿಯಾ ಗಾತ್ರದಲ್ಲೂ ಬಣ್ಣದಲ್ಲೂ ಎದ್ದು ಕಾಣುವ ಹೂವು. ಆದರೂ ಅದರ ಜೀವನಕ್ರಮದ ಬಗ್ಗೆ ಬೆಳೆಸುವವರಲ್ಲೇ ಇರುವ ತಿಳಿವಳಿಕೆ ಬಹುಮಟ್ಟಿಗೆ ಅರ್ಧ ವರ್ಷದ್ದು ಮಾತ್ರ. ಮೊಗ್ಗು ಕಚ್ಚಿದ ಗಿಡವನ್ನು ಡಿಸೆಂಬರ್‌ನಲ್ಲಿ ನರ್ಸರಿಯಿಂದ ತಂದು, ಎರಡು ತಿಂಗಳು ಹೂ ನೋಡಿ, ಬಿಸಿಲೇರಿ ಎಲೆ ಹಳದಿಯಾದೊಡನೆ ಗಿಡ ಸತ್ತಿತೆಂದು ಭಾವಿಸಿ ಕುಂಡವನ್ನು ಬರಿದು ಮಾಡುವುದು ಇಂದಿನ ರೂಢಿಯಾಗಿದೆ. ಆ ಹೊತ್ತಿಗೆ ಗಿಡ ಸತ್ತಿರುವುದಿಲ್ಲ. ಎಲೆ ಕಾಂಡಗಳನ್ನು ತಾನೇ ಕೈಬಿಟ್ಟು, ಗಳಿಸಿದ್ದನ್ನೆಲ್ಲ ಮಣ್ಣಿನೊಳಗಿನ ಗೆಡ್ಡೆಗಳಿಗೆ ಇಳಿಸಿ, ವಿಶ್ರಾಂತಿಗೆ ಸರಿದಿರುತ್ತದೆ. ಡೇಲಿಯಾ ಬಹುವಾರ್ಷಿಕ ಸಸ್ಯ, ಎಂದರೆ ಒಮ್ಮೆ ಹೂಬಿಟ್ಟು ಮುಗಿದುಹೋಗದೆ ಅದೇ ಬುಡದಿಂದ ವರ್ಷ ವರ್ಷವೂ ಚಿಗುರಬಲ್ಲ ಗಿಡ. ಅದನ್ನು ನೆಡುವ ಕಲೆಯ ಬಗ್ಗೆ ಹೇಳಬೇಕಾದ ಮುಖ್ಯ ಸಂಗತಿಯೆಂದರೆ, ಚಳಿಗಾಲದ ಹೂವಿನ ಗುಣ ನಿರ್ಧಾರವಾಗುವುದು ಚಳಿಗಾಲದಲ್ಲಲ್ಲ, ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಆ ಗೆಡ್ಡೆ ಎಲ್ಲಿತ್ತು, ಹೇಗಿತ್ತು ಎಂಬುದರ ಮೇಲೆ.

ಮಣ್ಣಿನಡಿಯ ದಪ್ಪ ಭಾಗಗಳನ್ನೆಲ್ಲ ಆಡುಮಾತು ಗೆಡ್ಡೆ ಎಂದೇ ಕರೆಯುತ್ತದೆಯಾದರೂ ಸಸ್ಯಶಾಸ್ತ್ರ ಅವುಗಳಲ್ಲಿ ಹಲವು ಬಗೆಗಳನ್ನು ಗುರುತಿಸುತ್ತದೆ, ಮತ್ತು ನೆಡುವವರಿಗೆ ಈ ಭೇದ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಈರುಳ್ಳಿಯಂತೆ ಪದರ ಪದರವಾಗಿರುವುದು ಲಶುನ. ಸುವರ್ಣಗೆಡ್ಡೆಯಂತೆ ಒಳಗೆ ಪದರವಿಲ್ಲದೆ ಘನವಾಗಿರುವುದು ಕಂದ. ಶುಂಠಿಯಂತೆ ಅಡ್ಡಡ್ಡವಾಗಿ ಹರಿಯುವುದು ಗುಪ್ತಕಾಂಡ. ಆಲೂಗೆಡ್ಡೆ ಕಾಂಡದಿಂದಲೇ ಆದ ಗೆಡ್ಡೆಯಾದ್ದರಿಂದ ಅದರ ಮೈತುಂಬ ಕಣ್ಣುಗಳಿದ್ದು, ಯಾವ ಹೋಳನ್ನು ನೆಟ್ಟರೂ ಒಂದು ಕಣ್ಣಿದ್ದರೆ ಚಿಗುರುತ್ತದೆ. ಡೇಲಿಯಾದ್ದಾದರೋ ಸಿಹಿಗೆಣಸಿನಂತೆ ಬೇರು ಉಬ್ಬಿ ಆದ ಬೇರುಗೆಡ್ಡೆ. ಅದರ ಮೈಮೇಲೆ ಎಲ್ಲಿಯೂ ಕಣ್ಣಿಲ್ಲ. ಕಣ್ಣುಗಳಿರುವುದು ಹಲವು ಗೆಡ್ಡೆಗಳು ಬಂದು ಸೇರುವ ಹಳೆಯ ಕಾಂಡದ ಬುಡದಲ್ಲಿ, ಆದ್ದರಿಂದ ಬುಡದ ಚೂರೊಂದು ಅಂಟಿಕೊಂಡಿರದ ಗೆಡ್ಡೆ ಎಷ್ಟೇ ದಪ್ಪವಾಗಿದ್ದರೂ, ಎಷ್ಟೇ ನೀರು ಗೊಬ್ಬರ ಕಂಡರೂ ಗಿಡವಾಗುವುದಿಲ್ಲ. ಅಂಥ ಕುರುಡು ಗೆಡ್ಡೆ ಮಣ್ಣಿನಲ್ಲಿ ಬೇರು ಬಿಟ್ಟು ತಿಂಗಳುಗಟ್ಟಲೆ ಗಟ್ಟಿಯಾಗಿಯೇ ಉಳಿಯುವುದುಂಟು. ಹಾಗೆ ಉಳಿದಿರುವುದೇ ನೆಟ್ಟವರನ್ನು ವೃಥಾ ಕಾಯಿಸುತ್ತದೆ. ಗೆಡ್ಡೆಯ ಕತ್ತು, ಎಂದರೆ ಬುಡಕ್ಕೂ ದಪ್ಪ ಭಾಗಕ್ಕೂ ನಡುವಿನ ಸಪೂರ ಜಾಗ, ಮುರಿಯದಂತೆ ನೋಡಿಕೊಳ್ಳಬೇಕೆಂಬ ಎಚ್ಚರಿಕೆಯ ಕಾರಣವೂ ಇದೇ.

ಈ ಗೆಡ್ಡೆ ಯಾವ ಕಷ್ಟವನ್ನು ದಾಟಲು ರೂಪುಗೊಂಡಿತೆಂಬುದನ್ನು ತಿಳಿಯಲು ಅದರ ತವರನ್ನು ನೋಡಬೇಕು. ಡೇಲಿಯಾದ ಕಾಡು ಜಾತಿಗಳು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಬೆಟ್ಟಸೀಮೆಯವು. ಅಲ್ಲಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆ, ಆಮೇಲೆ ಸುಮಾರು ಆರು ತಿಂಗಳು ಒಣ ಹವೆ. ಮಳೆಯಲ್ಲಿ ಬೆಳೆದು ಹೂಬಿಟ್ಟ ಗಿಡ ಒಣಗಾಲ ಬಂದಾಗ ನೆಲದಡಿಗೆ ಸರಿದು ಉಳಿಯುತ್ತದೆ. ಹೀಗೆ ಡೇಲಿಯಾ ಗೆಡ್ಡೆ ಮೂಲತಃ ಬರವನ್ನು ದಾಟುವ ಉಪಾಯವೇ ಹೊರತು ಹಿಮವನ್ನು ದಾಟುವ ಉಪಾಯವಲ್ಲ. ಸ್ಪೇನಿನ ದೊರೆಯ ಅಪ್ಪಣೆಯಂತೆ 1570ರ ದಶಕದಲ್ಲಿ ಮೆಕ್ಸಿಕೊದ ಸಸ್ಯಗಳನ್ನು ಪರಿಶೀಲಿಸಿದ ವೈದ್ಯ ಫ್ರಾನ್ಸಿಸ್ಕೊ ಹೆರ್ನಾಂಡೆಸ್ ಈ ಗಿಡವನ್ನೂ ದಾಖಲಿಸಿದ್ದರೂ, ಅದರ ಬೀಜ ಮೆಕ್ಸಿಕೊ ನಗರದ ಸಸ್ಯೋದ್ಯಾನದಿಂದ ಮ್ಯಾಡ್ರಿಡ್ ತಲುಪಿದ್ದು 1789ರಲ್ಲಿ. ಮ್ಯಾಡ್ರಿಡ್‌ನ ಸಸ್ಯಶಾಸ್ತ್ರಜ್ಞ ಕವನೀಯಸ್ 1791ರಲ್ಲಿ ಅದಕ್ಕೆ, ಸ್ವೀಡನ್ನಿನ ಲಿನೇಯಸ್‌ನ ಶಿಷ್ಯನಾಗಿದ್ದ ಆಂಡರ್ಸ್ ಡಾಲ್‌ನ ನೆನಪಿಗೆ, ಡೇಲಿಯಾ ಎಂಬ ಹೆಸರಿಟ್ಟನು. ಯೂರೋಪಿನಲ್ಲಿ ಗೆಡ್ಡೆಯನ್ನು ಆಹಾರವಾಗಿಸುವ ಯತ್ನವೂ ನಡೆಯಿತು. ಆದರೆ ಆಲೂಗೆಡ್ಡೆಯಲ್ಲಿರುವಂತೆ ಇದರಲ್ಲಿ ಪಿಷ್ಟವಿಲ್ಲ, ಅದರ ಬದಲು ಇನುಲಿನ್ ಎಂಬ, ಫ್ರಕ್ಟೋಸ್ ಸಕ್ಕರೆಯ ಕಣಗಳು ಸರಪಣಿಯಾಗಿ ಸೇರಿ ಆದ ವಸ್ತುವಿದೆ. ಮನುಷ್ಯನ ಹೊಟ್ಟೆ ಅದನ್ನು ಸುಲಭವಾಗಿ ಅರಗಿಸಲಾರದು, ಹಾಗಾಗಿ ಡೇಲಿಯಾ ಅಡುಗೆಮನೆಗೆ ಹೋಗದೆ ಹೂದೋಟದಲ್ಲಿ ನಿಂತಿತು. ಮೆಕ್ಸಿಕೊ 1963ರಲ್ಲಿ ಅದನ್ನು ತನ್ನ ರಾಷ್ಟ್ರೀಯ ಪುಷ್ಪವೆಂದು ಸಾರಿತು.

ಬಸವನಗುಡಿಯ ಡಿ.ವಿ. ಗುಂಡಪ್ಪನವರ ಮಗ, ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರು 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ' ಎಂಬ ಪುಸ್ತಕದಲ್ಲಿ, ಕನ್ನಡಿಗರು ತಮ್ಮವೆಂದೇ ನಂಬಿರುವ ಎಷ್ಟೋ ತರಕಾರಿಗಳು ಸಾಗರದಾಚೆಯಿಂದ ಬಂದ ಕಥೆಯನ್ನು ಹೇಳಿದ್ದಾರೆ. ಅಡುಗೆಮನೆಗೆ ಮೆಣಸಿನಕಾಯಿ ಬಂದಂತೆಯೇ ಹೂದೋಟಕ್ಕೆ ಚೆಂಡುಹೂವು, ಸುಗಂಧರಾಜ, ಡೇಲಿಯಾಗಳು ಮೆಕ್ಸಿಕೊ ಸೀಮೆಯಿಂದ ಬಂದವು. ಬೆಂಗಳೂರಿನಲ್ಲಿ ಅವು ಸುಲಭವಾಗಿ ನೆಲೆಗೊಂಡದ್ದಕ್ಕೆ ಹವೆಯೇ ಕಾರಣ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಪ್ರಸ್ಥಭೂಮಿಯಲ್ಲಿ ಮಳೆ ಮೇ ತಿಂಗಳಿಂದ ನವೆಂಬರ್‌ವರೆಗೆ ಹಂಚಿಕೊಂಡು ಬೀಳುತ್ತದೆ; ಜನವರಿಯ ರಾತ್ರಿಗಳ ಕನಿಷ್ಠ ತಾಪ ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ; ದಾಖಲೆಯಾಗಿರುವ ಅತ್ಯಂತ ಕಡಿಮೆ ತಾಪವೂ, 1884ರ ಜನವರಿ 13ರಂದು, 7.8 ಡಿಗ್ರಿ ಮಾತ್ರ. ಹಿಮ ಬಿದ್ದು ಗೆಡ್ಡೆ ಕೊಳೆಯುವ ಭಯ, ಯೂರೋಪಿನ ತೋಟಗಾರಿಕೆ ಪುಸ್ತಕಗಳಲ್ಲಿ ಡೇಲಿಯಾ ಅಧ್ಯಾಯದ ಅರ್ಧವನ್ನು ಆಕ್ರಮಿಸಿರುವ ಆ ಭಯ, ಇಲ್ಲಿ ಇಲ್ಲವೇ ಇಲ್ಲ. ಆ ಪುಸ್ತಕಗಳನ್ನು ನಂಬಿ ನಡೆದವರು ಇಲ್ಲದ ಶತ್ರುವಿಗೆ ಕಾವಲು ಕೂತು, ಇರುವ ಶತ್ರುಗಳಾದ ಹಿಂಗಾರಿನ ಜವುಗನ್ನೂ ಏಪ್ರಿಲ್‌ನ ಒಣ ಸೆಕೆಯನ್ನೂ ಮರೆಯುತ್ತಾರೆ.

ಹವೆಗಿಂತಲೂ ಸೂಕ್ಷ್ಮವಾದ ಇನ್ನೊಂದು ಕಾರಣ ಹಗಲಿನ ಉದ್ದ. ಲಂಡನ್ನಿನಲ್ಲಿ ಜೂನ್ ತಿಂಗಳ ಅತಿ ದೀರ್ಘ ಹಗಲು ಹದಿನಾರೂವರೆ ಗಂಟೆಯನ್ನು ಮೀರುತ್ತದೆ, ಡಿಸೆಂಬರ್‌ನದು ಎಂಟು ಗಂಟೆಯನ್ನೂ ಮುಟ್ಟುವುದಿಲ್ಲ. ಭೂಮಧ್ಯರೇಖೆಯಿಂದ ಉತ್ತರಕ್ಕೆ 13 ಡಿಗ್ರಿಯಷ್ಟೇ ಇರುವ ಬೆಂಗಳೂರಿನಲ್ಲಿ ಈ ಏರಿಳಿತ ಬಹಳ ಕಿರಿದು: ಜೂನ್‌ನಲ್ಲಿ ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರ್‌ನಲ್ಲಿ ಸುಮಾರು 11 ಗಂಟೆ 20 ನಿಮಿಷ. ಮನುಷ್ಯರಿಗೆ ಗಮನಕ್ಕೇ ಬಾರದ ಈ ಒಂದೂವರೆ ಗಂಟೆಯ ವ್ಯತ್ಯಾಸ ಡೇಲಿಯಾಕ್ಕೆ ಸಾಕು. ಹಗಲು ಸುಮಾರು ಹನ್ನೆರಡು ಗಂಟೆಗಿಂತ ಚಿಕ್ಕದಾದಾಗ ಅದರ ಬೇರುಗಳು ಉಬ್ಬಿ ಗೆಡ್ಡೆಯಾಗತೊಡಗುತ್ತವೆ, ಮತ್ತು ಗಿಡದ ಬಲ ಹೊಸ ಕೊಂಬೆಗಳಿಗಿಂತ ಹೆಚ್ಚಾಗಿ ಆ ಕಡೆಗೆ ಹರಿಯುತ್ತದೆ. ಬೆಂಗಳೂರಿನಲ್ಲಿ ಹಗಲು ಆ ಮಿತಿಯನ್ನು ದಾಟಿ ಇಳಿಯುವುದು ಅಕ್ಟೋಬರ್ ಆರಂಭದ ಹೊತ್ತಿಗೆ. ನವೆಂಬರ್ ಕೊನೆಯಲ್ಲಿಯೋ ಡಿಸೆಂಬರ್‌ನಲ್ಲಿಯೋ ನೆಟ್ಟ ಗೆಡ್ಡೆ ಮೊಳಕಾಲೆತ್ತರಕ್ಕೂ ಬೆಳೆಯದೆ ಒಂದೆರಡು ಸಣ್ಣ ಹೂ ಕೊಟ್ಟು ಸುಮ್ಮನಾಗುವುದರ ರಹಸ್ಯ ಇದು. ಮೈ ಬೆಳೆಸಿಕೊಳ್ಳುವ ಮೊದಲೇ ಅದಕ್ಕೆ ಕೂಡಿಡುವ ಕಾಲ ಬಂದಿರುತ್ತದೆ.

ಆದ್ದರಿಂದ ಹಗಲಿನ ಲೆಕ್ಕ ನೋಡಿದರೆ ಗೆಡ್ಡೆಯನ್ನು ಆಗಸ್ಟ್ ಕೊನೆಗೋ ಸೆಪ್ಟೆಂಬರ್ ಮೊದಲರ್ಧಕ್ಕೋ, ಎಂದರೆ ಗೌರಿ ಗಣೇಶ ಹಬ್ಬದ ಸುಮಾರಿಗೆ, ನೆಡಬೇಕು. ಆದರೆ ಮಳೆಯ ಲೆಕ್ಕ ಇದಕ್ಕೆ ನೇರ ವಿರುದ್ಧ: ಬೆಂಗಳೂರಿನಲ್ಲಿ ವರ್ಷದ ಅತಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್ ಅಕ್ಟೋಬರ್‌ಗಳಲ್ಲೇ, ಮತ್ತು ಎಲೆ ಮೂಡದ ಗೆಡ್ಡೆ ತನ್ನ ಸುತ್ತಲಿನ ನೀರನ್ನು ಹೀರಿ ಹೊರಹಾಕಲಾರದೆ ಜವುಗಿನಲ್ಲಿ ಕೊಳೆಯುತ್ತದೆ. ಬೇಗ ನೆಟ್ಟರೆ ಕೊಳೆತ, ತಡವಾಗಿ ನೆಟ್ಟರೆ ಕುಳ್ಳು ಎಂಬ ಈ ಇಕ್ಕಟ್ಟೇ ಬೆಂಗಳೂರಿನ ಡೇಲಿಯಾ ಕೃಷಿಯ ತಿರುಳು, ಮತ್ತು ಇಲ್ಲಿನ ಅನುಭವಿ ಬೆಳೆಗಾರರ ಪದ್ಧತಿಗಳೆಲ್ಲ ಇದನ್ನು ಬಿಡಿಸುವ ಉಪಾಯಗಳೇ. ಅವುಗಳಲ್ಲಿ ಸರಳವಾದದ್ದು, ಗೆಡ್ಡೆಯನ್ನು ಮೊದಲು ಸಣ್ಣ ಕುಂಡದಲ್ಲಿ ನೆಟ್ಟು, ಬೆಳಕು ಬೀಳುವ ಆದರೆ ಮಳೆ ಹೊಡೆಯದ ಜಾಗದಲ್ಲಿ ಚಿಗುರಿಸಿ, ದೀಪಾವಳಿಯ ಸುಮಾರಿಗೆ ಮಳೆ ತಗ್ಗಿದ ಮೇಲೆ ಮಣ್ಣಿನ ಹೆಂಟೆಯ ಸಮೇತ ಮಡಿಗೋ ದೊಡ್ಡ ಕುಂಡಕ್ಕೋ ಸಾಗಿಸುವುದು. ಹಳೆಯ ಮನೆಗಳಲ್ಲಿದ್ದ ಮುಂಜಗಲಿ ಈ ಕೆಲಸಕ್ಕೆ ಅತ್ಯಂತ ಅನುಕೂಲವಾದ ಸ್ಥಳವಾಗಿತ್ತು. ಈಗ ಅದೇ ಕೆಲಸವನ್ನು ಬಾಲ್ಕನಿ ಮಾಡಬಲ್ಲದು.

ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡದ್ದು 1890ರ ದಶಕದಲ್ಲಿ. ಅವುಗಳಲ್ಲಿ ಚಾಮರಾಜಪೇಟೆ ಮೊದಲನೆಯದು, ಉಳಿದೆರಡು ಬೇಗ ತುಂಬಿಕೊಳ್ಳಲು 1898ರ ಪ್ಲೇಗ್ ಕಾರಣವಾಯಿತು. ಕಿಕ್ಕಿರಿದ ಪೇಟೆಯಲ್ಲಿ ಸೋಂಕು ಹರಡಿದ್ದನ್ನು ಕಂಡಿದ್ದ ಆಡಳಿತ ಮನೆಯಿಂದ ಮನೆಗೆ ಗಾಳಿ ಬೆಳಕಿಗೆ ಅಂತರ ಬಿಡಿಸಿತು, ಆ ಅಂತರವೇ ಮುಂದೆ ಹೂದೋಟವಾಯಿತು. ಮನೆಯ ಮುಂದೆ ಪಾರಿಜಾತ, ದಾಸವಾಳ, ಕಣಗಿಲೆ, ಹಿಂದೆ ತೆಂಗು, ಮಾವು, ಕರಿಬೇವು ಎಂಬ ಪೂಜೆ ಮತ್ತು ಅಡುಗೆಯ ತೋಟಕ್ಕೆ ಋತುವಿನ ಹೂಗಳು ಸೇರಿದ್ದರಲ್ಲಿ ಲಾಲ್‌ಬಾಗಿನ ಪಾತ್ರ ದೊಡ್ಡದು. ಹೈದರ್ ಅಲಿ 1760ರಲ್ಲಿ ಆರಂಭಿಸಿದ ಆ ತೋಟ ಬಸವನಗುಡಿಗೆ ಕಾಲ್ನಡಿಗೆಯ ದೂರದಲ್ಲಿದೆ. ಜಾನ್ ಕ್ಯಾಮರಾನ್ ಮೇಲ್ವಿಚಾರಕರಾಗಿದ್ದಾಗ, 1889ರಲ್ಲಿ, ಅಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ಅವರ ತರುವಾಯ 1908ರಲ್ಲಿ ಬಂದ ಜರ್ಮನಿಯ ಜಿ.ಎಚ್. ಕೃಂಬಿಗಲ್ ಅವರ ಮುಂದಾಳ್ತನದಲ್ಲಿ 1912ರಲ್ಲಿ ಮೈಸೂರು ಉದ್ಯಾನ ಕಲಾ ಸಂಘ ಸ್ಥಾಪನೆಯಾಯಿತು. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನಗಳೂ, ಅವುಗಳ ಅಂಗವಾಗಿ ಮನೆ ಮತ್ತು ಸಂಸ್ಥೆಗಳ ಕೈತೋಟಗಳಿಗೆ ಏರ್ಪಡುವ ಸ್ಪರ್ಧೆಗಳೂ ನಗರದ ಹೂಗಾರಿಕೆಗೆ ಒಂದು ಪಂಚಾಂಗವನ್ನೇ ಕೊಟ್ಟವು. ಜನವರಿ ಕೊನೆಯ ವಾರಕ್ಕೆ ದೊಡ್ಡ ಡೇಲಿಯಾ ಅರಳಿರಬೇಕೆಂದು ಬಯಸುವವರು ಅಲ್ಲಿಂದ ಸುಮಾರು ನಾಲ್ಕು ತಿಂಗಳು ಹಿಂದಕ್ಕೆ ಎಣಿಸಿ ನೆಡುವ ದಿನವನ್ನು ಗೊತ್ತುಮಾಡಿಕೊಳ್ಳುತ್ತಾರೆ.

ಕರ್ನಾಟಕದಲ್ಲೇ ಡೇಲಿಯಾದ ಮತ್ತೊಂದು ನೆಲೆ ಮಲೆನಾಡು, ಅಲ್ಲಿ ಅದರ ಹೆಸರು ಡೇರೆ. ಶಿರಸಿ, ಸಿದ್ದಾಪುರ, ಸಾಗರ, ಹೊಸನಗರಗಳ ಅಡಿಕೆ ತೋಟದ ಮನೆಗಳಲ್ಲಿ ಹೆಣ್ಣುಮಕ್ಕಳು ಮುಂಗಾರಿಗೆ ಗೆಡ್ಡೆ ಊರಿ, ಶ್ರಾವಣ ಭಾದ್ರಪದಗಳ ಹಬ್ಬದ ಸಾಲಿಗೆ ಹೂ ಕೊಯ್ಯುತ್ತಾರೆ. ಹೊಸ ಬಣ್ಣ ಕಂಡ ಮನೆಯಿಂದ ಗೆಡ್ಡೆ ಕೇಳಿ ತರುವುದು, ತವರಿನಿಂದ ಬರುವಾಗ ಗೆಡ್ಡೆ ಕಟ್ಟಿಕೊಂಡು ಬರುವುದು ಅಲ್ಲಿನ ಮನೆವಾರ್ತೆಯ ಭಾಗ. ಅಷ್ಟು ಮಳೆಯಲ್ಲೂ ಗೆಡ್ಡೆ ಕೊಳೆಯದಿರುವುದಕ್ಕೆ ಏರಿಸಿದ ಮಡಿ ಮತ್ತು ನೀರು ನಿಲ್ಲದ ಇಳಿಜಾರು ಕಾರಣ. ಮಳೆಗಾಲದ ಉದ್ದ ಹಗಲಿನಲ್ಲೂ ಅದು ಹೂಬಿಡುವುದಕ್ಕೆ, ಚಿಕ್ಕ ಹಗಲು ಡೇಲಿಯಾ ಹೂವಿಗೆ ಸಹಾಯಕವೇ ಹೊರತು ಕಡ್ಡಾಯವಲ್ಲ ಎಂಬುದು ಕಾರಣ. ಹೀಗೆ ಮಲೆನಾಡಿನಲ್ಲಿ ಮಳೆಗಾಲದ ಹೂವಾದದ್ದು ಬೆಂಗಳೂರಿನಲ್ಲಿ ಚಳಿಗಾಲದ ಹೂವಾಗಿದೆ. ಗೆಡ್ಡೆಯನ್ನು ಉಳಿಸಿ ಹಂಚಿಕೊಳ್ಳುವ ಸಂಸ್ಕೃತಿ ಮಾತ್ರ ಮಲೆನಾಡಿನಲ್ಲಿ ಇಂದಿಗೂ ಜೀವಂತವಾಗಿದ್ದು ನಗರದಲ್ಲಿ ಸೊರಗಿದೆ; ಆ ಮನೆಗಳಿಂದ ಬಂದು ಇಲ್ಲಿ ನೆಲೆಸಿದವರು ಗೆಡ್ಡೆಯ ಜೊತೆಗೆ ಜೂನ್ ತಿಂಗಳ ನೆಡುವ ರೂಢಿಯನ್ನೂ ತಂದಿದ್ದರೆ, ಅದೂ ಇಲ್ಲಿ ನಡೆಯುತ್ತದೆ, ಹೂವು ಚಳಿಗಾಲದ ಬದಲು ಮಳೆಗಾಲಕ್ಕೆ ಸಿಗುತ್ತದೆ ಅಷ್ಟೆ.

ನೆಡುವ ವಿಧಾನದಲ್ಲಿ ಕಷ್ಟವಾದದ್ದು ಹೆಚ್ಚಿಲ್ಲ. ದಿನಕ್ಕೆ ಕನಿಷ್ಠ ಐದಾರು ಗಂಟೆ ಬಿಸಿಲು ಬೀಳುವ ಜಾಗ ಬೇಕು, ಮತ್ತು ಸುತ್ತಲೂ ನಾಲ್ಕಂತಸ್ತಿನ ಕಟ್ಟಡಗಳೆದ್ದಿರುವ ಇಂದಿನ ಮಲ್ಲೇಶ್ವರದಲ್ಲಿ ಅಂಥ ಜಾಗ ನೆಲಕ್ಕಿಂತ ತಾರಸಿಯ ಮೇಲೆ ಸಿಗುವ ಸಂಭವವೇ ಹೆಚ್ಚು. ಬಸವನಗುಡಿಯ ಕಹಳೆ ಬಂಡೆಯಲ್ಲೂ ಲಾಲ್‌ಬಾಗಿನ ಗುಡ್ಡದಲ್ಲೂ ಕಣ್ಣಿಗೆ ಬೀಳುವ ನೈಸ್ ಶಿಲೆ ಸವೆದು ಆದ ಇಲ್ಲಿನ ಕೆಮ್ಮಣ್ಣು ಡೇಲಿಯಾಕ್ಕೆ ಒಗ್ಗುವ ಮಣ್ಣೇ ಆದರೂ ಒಣಗಿದಾಗ ಗಟ್ಟಿ ಕಟ್ಟಿಕೊಳ್ಳುತ್ತದೆ. ಅದಕ್ಕೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ದಪ್ಪ ಮರಳು, ಒಂದೆರಡು ಹಿಡಿ ಬೇವಿನ ಹಿಂಡಿ ಮತ್ತು ಎಲುಬಿನ ಪುಡಿ ಬೆರೆಸಬೇಕು. ಎತ್ತರದ ತಳಿಗಳಿಗೆ ಗಿಡದಿಂದ ಗಿಡಕ್ಕೆ ಒಂದೂವರೆಯಿಂದ ಎರಡು ಅಡಿ ಅಂತರ, ಕುಂಡವಾದರೆ ಒಂದು ಗಿಡಕ್ಕೆ ಕನಿಷ್ಠ ಹನ್ನೆರಡು ಅಂಗುಲದ ಕುಂಡ ಬೇಕು. ಗೆಡ್ಡೆಯನ್ನು ಅಡ್ಡವಾಗಿ, ಕಣ್ಣು ಮೇಲ್ಮುಖವಾಗಿ, ನಾಲ್ಕರಿಂದ ಆರು ಅಂಗುಲ ಆಳದಲ್ಲಿ ಇಟ್ಟು ಮಣ್ಣು ಮುಚ್ಚಬೇಕು. ಆಸರೆಯ ಬಿದಿರು ಕಡ್ಡಿಯನ್ನು ಅದೇ ಹೊತ್ತಿನಲ್ಲಿ ನೆಡುವುದು ಒಳ್ಳೆಯದು, ಏಕೆಂದರೆ ಗಿಡ ಬೆಳೆದ ಮೇಲೆ ಕುರುಡಾಗಿ ಚುಚ್ಚಿದ ಕಡ್ಡಿ ಎಷ್ಟೋ ಬಾರಿ ಗೆಡ್ಡೆಯ ಎದೆಯನ್ನೇ ತೂರುತ್ತದೆ. ಮಣ್ಣು ಹಸಿಯಾಗಿದ್ದರೆ ಚಿಗುರು ಹೊರಗೆ ಕಾಣುವತನಕ ನೀರು ಹಾಕಬಾರದು. ನೆಟ್ಟ ದಿನದಿಂದ ದಿನಂಪ್ರತಿ ನೀರು ಹಾಕುವ ಶ್ರದ್ಧೆಯಿಂದ ಕೆಟ್ಟಷ್ಟು ಗೆಡ್ಡೆ ಉಪೇಕ್ಷೆಯಿಂದ ಕೆಡುವುದಿಲ್ಲ.

ಗಿಡಕ್ಕೆ ಮೂರು ನಾಲ್ಕು ಜೊತೆ ಎಲೆಗಳಾದಾಗ ನಡುಗುಡಿಯನ್ನು ಚಿವುಟಿದರೆ ಎಲೆಯ ಕಂಕುಳಗಳಿಂದ ಕೊಂಬೆಗಳೊಡೆದು ಗಿಡ ಪೊದೆಯಾಗುತ್ತದೆ, ಹೂಗಳ ಸಂಖ್ಯೆ ಹೆಚ್ಚುತ್ತದೆ. ಸ್ಪರ್ಧೆಗೆ ಬೆಳೆಸುವವರ ದಾರಿ ಬೇರೆ: ಅವರು ಕೊಂಬೆಗಳನ್ನು ಮೂರು ನಾಲ್ಕಕ್ಕೆ ಮಿತಗೊಳಿಸಿ, ಪ್ರತಿ ಕೊಂಬೆಯ ತುದಿಯ ಮೂರು ಮೊಗ್ಗುಗಳಲ್ಲಿ ಅಕ್ಕಪಕ್ಕದ ಎರಡನ್ನು ಎಳೆಯದರಲ್ಲೇ ತೆಗೆದು ನಡುವಿನ ಒಂದನ್ನೇ ಉಳಿಸುತ್ತಾರೆ, ಹಾಗೆ ಉಳಿದ ಹೂವು ದೈತ್ಯ ತಳಿಗಳಲ್ಲಿ 25 ಸೆಂಟಿಮೀಟರ್ ಅಗಲವನ್ನು ಮೀರಬಲ್ಲದು. ಮೊಗ್ಗು ಕಾಣಿಸಿಕೊಂಡ ಮೇಲೆ ಸಾರಜನಕದ ಗೊಬ್ಬರವನ್ನು, ಎಂದರೆ ಎಲೆ ಬೆಳೆಸುವ ಗೊಬ್ಬರವನ್ನು, ನಿಲ್ಲಿಸಿ ಪೊಟ್ಯಾಷ್ ಒದಗಿಸಬೇಕು. ಸಾರಜನಕ ಹೆಚ್ಚಾದರೆ ಹೂವಿಗೂ ಕೇಡು, ಮುಂದೆ ಗೆಡ್ಡೆಯ ಬಾಳಿಕೆಗೂ ಕೇಡು. ಸೌದೆಯ ಬೂದಿ ಹಿಂದೆ ಎಲ್ಲ ಮನೆಗಳಲ್ಲೂ ಇದ್ದ ಪೊಟ್ಯಾಷ್ ಗೊಬ್ಬರವೇ.

ಡೇಲಿಯಾ ಸೂರ್ಯಕಾಂತಿ, ಸೇವಂತಿಗೆಗಳ ಕುಟುಂಬದ್ದು. ಒಂದು ಹೂವೆಂದು ಕಾಣುವುದು ವಾಸ್ತವದಲ್ಲಿ ನೂರಾರು ಕಿರುಹೂಗಳ ಗುಂಪು. ಅಂಚಿನಲ್ಲಿ ದಳದಂತೆ ಚಾಚಿಕೊಂಡವು ಕಿರಣಪುಷ್ಪಗಳು, ನಡುವೆ ಹಳದಿಯಾಗಿ ಒತ್ತಿಕೊಂಡವು ಬಿಂಬಪುಷ್ಪಗಳು. ಒಂಟಿಸುತ್ತಿನ ತಳಿಗಳಲ್ಲಿ ನಡುವಣ ಹಳದಿ ಬಿಂಬ ತೆರೆದೇ ಇರುತ್ತದೆ, ತುಂಬುದಳದ ತಳಿಗಳಲ್ಲಿ ಕಿರಣಪುಷ್ಪಗಳು ಅದನ್ನು ಪೂರ್ತಿ ಮರೆಸುತ್ತವೆ. ಬೆಂಗಳೂರಿನ ಬೆಳೆಗಾರರನ್ನು ಜನವರಿಯ ಕೊನೆಗೆ ಕಾಡುವ ಪ್ರಶ್ನೆಯೊಂದಿದೆ: ಡಿಸೆಂಬರ್‌ನಲ್ಲಿ ತುಂಬುದಳವಾಗಿದ್ದ ಗಿಡವೇ ಈಗ ಬಿಡುವ ಹೂಗಳಲ್ಲಿ ನಡುವಿನ ಹಳದಿ ಇಣುಕುವುದೇಕೆ? ಗೊಬ್ಬರ ಸಾಲದೆಂದೋ ಗೆಡ್ಡೆ ಕೆಟ್ಟಿತೆಂದೋ ಊಹಿಸುವುದುಂಟು. ಆದರೆ ಮುಖ್ಯ ಕಾರಣ ಚಿಕ್ಕ ಹಗಲು. ಹಗಲು ಕುಗ್ಗಿದಷ್ಟೂ ಮೊಗ್ಗಿನಲ್ಲಿ ಕಿರಣಪುಷ್ಪಗಳ ಸಂಖ್ಯೆ ತಗ್ಗಿ ಬಿಂಬಪುಷ್ಪಗಳು ಹೆಚ್ಚುತ್ತವೆ, ಮತ್ತು ಜನವರಿ ಕೊನೆಗೆ ಅರಳುವುದು ಡಿಸೆಂಬರ್‌ನ ಅತಿ ಚಿಕ್ಕ ಹಗಲುಗಳಲ್ಲಿ ರೂಪುಗೊಂಡ ಮೊಗ್ಗು. ಹಾಗೆ ತೆರೆದ ಹೂಗಳಿಗೆ ಜೇನುನೊಣಗಳು ಮುಗಿಬೀಳುವುದನ್ನು ನೋಡಿದರೆ ಇದನ್ನು ಪೂರ್ಣ ನಷ್ಟವೆನ್ನುವಂತೆಯೂ ಇಲ್ಲ. ರಾತ್ರಿ ತಂಪಾಗಿರುವುದರಿಂದ ಬಣ್ಣವಂತೂ ಈ ದಿನಗಳಲ್ಲೇ ಅತ್ಯಂತ ಗಾಢವಾಗಿರುತ್ತದೆ. ನೀಲಿಯೊಂದನ್ನು ಬಿಟ್ಟು ಉಳಿದ ಬಹುತೇಕ ಬಣ್ಣಗಳಲ್ಲಿ ಡೇಲಿಯಾ ಉಂಟು.

ಈ ವೈವಿಧ್ಯಕ್ಕೆ ಮೂಲ ಅದರ ವರ್ಣತಂತುಗಳಲ್ಲಿದೆ. ಹೆಚ್ಚಿನ ಸಸ್ಯಗಳಲ್ಲಿ ವರ್ಣತಂತುಗಳು ಎರಡು ಕಟ್ಟುಗಳಾಗಿದ್ದರೆ ತೋಟದ ಡೇಲಿಯಾದಲ್ಲಿ ಎಂಟು ಕಟ್ಟುಗಳಿದ್ದು ಒಟ್ಟು ಸಂಖ್ಯೆ 64 ಆಗುತ್ತದೆ. ಬೀಜದಿಂದ ಹುಟ್ಟುವ ಪ್ರತಿಯೊಂದು ಗಿಡದಲ್ಲೂ ಅವು ಹೊಸದಾಗಿ ಕಲೆತು ತಾಯಿಗಿಂತ ಬೇರೆಯಾದ ಹೂ ಬರುತ್ತದೆ. ಮೆಚ್ಚಿದ ಹೂವನ್ನು ಅದೇ ರೂಪದಲ್ಲಿ ಮುಂದುವರಿಸಲು ಗೆಡ್ಡೆ ಅಥವಾ ಕಟಿಂಗ್ ಎಂದು ನರ್ಸರಿಯವರು ಕರೆಯುವ ಚಿಗುರಿನ ತುಂಡು, ಈ ಎರಡೇ ದಾರಿ. ಕುಂಡ ಬರಿದು ಮಾಡುವವರು ಎಸೆಯುವುದು ಮತ್ತೆಲ್ಲೂ ಅದೇ ರೂಪದಲ್ಲಿ ಸಿಗದಿರಬಹುದಾದ ಒಂದು ತಳಿಯನ್ನು.

ಶತ್ರುಗಳಲ್ಲಿ ಹಳೆಯ ಬಡಾವಣೆಗಳ ವಿಶೇಷವೆಂದರೆ ಹೆಗ್ಗಣ. ಚರಂಡಿ, ಹಿಂಗಲ್ಲಿಗಳ ನಡುವಿನ ಹಿತ್ತಲುಗಳಲ್ಲಿ ಅದು ಗೆಡ್ಡೆಯನ್ನು ಬುಡಸಮೇತ ತಿಂದು ಹೋಗುತ್ತದೆ, ಹಾಗಾಗಿ ನೆಲದಲ್ಲಿ ನೆಡುವವರು ಗುಂಡಿಗೆ ತಂತಿಬಲೆಯ ಬುಟ್ಟಿ ಇಡುವುದು ಕ್ಷೇಮ. ಮಳೆ ಮುಗಿಯುವ ದಿನಗಳಲ್ಲಿ ದೈತ್ಯ ಆಫ್ರಿಕನ್ ಬಸವನಹುಳು ಒಂದೇ ರಾತ್ರಿಯಲ್ಲಿ ಎಳೆಚಿಗುರನ್ನು ಮುಗಿಸಬಲ್ಲದು. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಆರಿಸಿ ತೆಗೆಯುವುದಕ್ಕಿಂತ ಉತ್ತಮವಾದ ಮಾರ್ಗ ಮನೆಯ ತೋಟಕ್ಕಿಲ್ಲ. ಇಬ್ಬನಿಯ ಕಾಲಕ್ಕೆ ಎಲೆಯ ಮೇಲೆ ಬಿಳಿ ಬೂದಿರೋಗ, ಫೆಬ್ರುವರಿಯ ಒಣಹವೆಗೆ ಎಲೆಯಡಿಯಲ್ಲಿ ಕೆಂಪು ನುಸಿ ಬರುತ್ತವೆ; ಇವು ಆ ವರ್ಷದ ಎಲೆಗೆ ಮಾತ್ರ ಹಾನಿ. ನಿಜವಾಗಿ ಅಂಜಬೇಕಾದದ್ದು ಮೊಸಾಯಿಕ್ ನಂಜುರೋಗಕ್ಕೆ, ಏಕೆಂದರೆ ಅದು ಗೆಡ್ಡೆಯೊಳಗೇ ಉಳಿದು ಮುಂದಿನ ವರ್ಷದ ಗಿಡಕ್ಕೂ ಅದರ ಕಟಿಂಗ್‌ಗಳಿಗೂ ದಾಟುತ್ತದೆ. ಎಲೆಯ ನರಗಳ ಗುಂಟ ತಿಳಿಹಳದಿ ಪಟ್ಟೆ, ಸುರುಟು, ಕುಗ್ಗಿದ ಬೆಳವಣಿಗೆ ಇವು ಕಂಡ ಗಿಡದ ಗೆಡ್ಡೆಯನ್ನು, ಹೂವು ಎಷ್ಟೇ ಪ್ರಿಯವಾಗಿದ್ದರೂ, ಉಳಿಸದೆ ನಾಶಮಾಡಬೇಕು. ನಂಜನ್ನು ಹರಡುವ ಗಿಡಹೇನುಗಳಿಗೆ ಒಂದು ರೋಗಿ ಸಾಕು.

ಹೂವು ಮುಗಿದ ಮೇಲಿನ ಆರೈಕೆ ಹೂವಿನ ಕಾಲದ ಆರೈಕೆಗಿಂತ ಮುಖ್ಯ. ಚಳಿ ಹಿಂದೆ ಸರಿಯುವ ಶಿವರಾತ್ರಿಯ ಸುಮಾರಿಗೆ ಎಲೆಗಳು ಹಳದಿಯಾಗತೊಡಗಿದಾಗ ಗಿಡವನ್ನು ಕತ್ತರಿಸಿಬಿಡಲು ಆತುರಪಡಬಾರದು, ಏಕೆಂದರೆ ಎಲೆಯ ಸಾರ ಗೆಡ್ಡೆಗಿಳಿಯುವ ಕಾಲವೇ ಅದು. ನೀರನ್ನು ಕ್ರಮೇಣ ತಗ್ಗಿಸಿ, ಕಾಂಡ ಒಣಗಿದ ಮೇಲೆ ನಾಲ್ಕರಿಂದ ಆರು ಅಂಗುಲ ಬಿಟ್ಟು ಕತ್ತರಿಸಿ, ಒಂದು ವಾರ ಹಾಗೇ ಬಿಟ್ಟರೆ ಬುಡದ ಕಣ್ಣುಗಳು ತುಸು ಉಬ್ಬಿ ಗುರುತಿಸಲು ಸುಲಭವಾಗುತ್ತವೆ. ಅಗೆಯುವಾಗ ಬುಡದಿಂದ ಒಂದಡಿಯಾದರೂ ದೂರದಲ್ಲಿ ಸುತ್ತಲೂ ಮಣ್ಣು ಸಡಿಲಿಸಿ, ಗೊಂಚಲನ್ನು ಕೆಳಗಿನಿಂದ ಎತ್ತಬೇಕು. ಕಾಂಡ ಹಿಡಿದು ಜಗ್ಗಿದರೆ ಕತ್ತುಗಳೆಲ್ಲ ಮುರಿಯುತ್ತವೆ. ಮಣ್ಣು ಉದುರಿಸಿ ಎರಡು ಮೂರು ದಿನ ನೆರಳಲ್ಲಿ ಆರಿಸಿ, ಗಾಯಗಳಿಗೆ ಗಂಧಕದ ಪುಡಿಯನ್ನೋ ಬೂದಿಯನ್ನೋ ಸವರಿ, ಗೊಂಚಲಿಗೆ ಬಣ್ಣ ಮತ್ತು ಎತ್ತರ ಬರೆದ ಚೀಟಿ ಕಟ್ಟಬೇಕು. ಚೀಟಿಯಿಲ್ಲದ ಗೆಡ್ಡೆಗಳೆಲ್ಲ ಸೆಪ್ಟೆಂಬರ್ ಹೊತ್ತಿಗೆ ಒಂದೇ.

ಶೀತದೇಶಗಳಲ್ಲಿ ಗೆಡ್ಡೆಯನ್ನು 4ರಿಂದ 10 ಡಿಗ್ರಿ ಸೆಲ್ಸಿಯಸ್ ತಾಪದ ನೆಲಮಾಳಿಗೆಯಲ್ಲಿಟ್ಟು ಆರು ತಿಂಗಳು ಮರೆತಿರಬಹುದು. ಬೆಂಗಳೂರಿನ ಏಪ್ರಿಲ್‌ನಲ್ಲಿ ಹಗಲಿನ ತಾಪ 34 ಡಿಗ್ರಿಯ ಆಸುಪಾಸಿನಲ್ಲಿದ್ದು ಗಾಳಿಯಲ್ಲಿ ತೇವ ಕಡಿಮೆ. ಆಲೂಗೆಡ್ಡೆಯ ಸಿಪ್ಪೆಯಂತೆ ನೀರನ್ನು ತಡೆಹಿಡಿಯುವ ಗಟ್ಟಿ ಹೊದಿಕೆ ಡೇಲಿಯಾ ಗೆಡ್ಡೆಗಿಲ್ಲದ್ದರಿಂದ ಬಯಲಿಗಿಟ್ಟದ್ದು ಕೆಲವೇ ವಾರಗಳಲ್ಲಿ ಸುಕ್ಕುಗಟ್ಟಿ ಕಡ್ಡಿಯಾಗುತ್ತದೆ. ಆದ್ದರಿಂದ ಇಲ್ಲಿ ಗೆಡ್ಡೆಯನ್ನು ಅಗಲವಾದ ಮಣ್ಣಿನ ಕುಂಡದಲ್ಲಿ ಒಣಮರಳು ಅಥವಾ ತೆಂಗಿನ ನಾರಿನ ಪುಡಿಯ ನಡುವೆ, ಒಂದಕ್ಕೊಂದು ತಾಗದಂತೆ ಹೂತು, ಮನೆಯ ಅತ್ಯಂತ ತಂಪಾದ ಮೂಲೆಯಲ್ಲಿ, ಎಂದೂ ತಾರಸಿಯ ಕೆಳಗಿನ ಬಿಸಿಕೋಣೆಯಲ್ಲಲ್ಲ, ಇಡಬೇಕು. ಮೂರು ವಾರಕ್ಕೊಮ್ಮೆ ತೆಗೆದು ನೋಡಿ, ಮೆತ್ತಗಾದದ್ದನ್ನು ಕತ್ತರಿಸಿ ಬಿಸಾಡಿ, ಸುಕ್ಕುಗಟ್ಟುತ್ತಿದ್ದರೆ ಮರಳಿಗೆ ಕೈಯಿಂದ ನಾಲ್ಕು ಹನಿ ನೀರು ಚಿಮುಕಿಸಬೇಕು. ಅಗೆಯದೆ ಕುಂಡದಲ್ಲೇ ಬಿಟ್ಟು, ನೀರು ನಿಲ್ಲಿಸಿ, ಕುಂಡವನ್ನು ನೆರಳಿನಲ್ಲಿ ಮಗ್ಗುಲಾಗಿ ಮಲಗಿಸಿಡುವ ಇನ್ನೊಂದು ಪದ್ಧತಿಯೂ ಇದೆ. ಮಣ್ಣೇ ರಕ್ಷಾಕವಚವಾಗುವ ಈ ಪದ್ಧತಿ ಬೆಂಗಳೂರಿನ ಬೇಸಗೆಗೆ ಹೆಚ್ಚು ಹೊಂದುತ್ತದೆ, ಜಾಗವಿರುವವರಿಗೆ ಇದನ್ನೇ ಸೂಚಿಸಬೇಕು.

ಇಷ್ಟಾದರೂ ಗೆಡ್ಡೆ ಸೆಪ್ಟೆಂಬರ್‌ವರೆಗೆ ಮಲಗಿರುವುದಿಲ್ಲ. ಮೇ ತಿಂಗಳ ಮೊದಲ ಮಳೆಗೆ ಗಾಳಿಯಲ್ಲಿ ತೇವವೇರಿದಾಗ ಕಣ್ಣುಗಳು ತಾವಾಗಿ ಒಡೆಯುತ್ತವೆ, ಮತ್ತು ಒಡೆದ ಗೆಡ್ಡೆಯನ್ನು ನೆಡದೆ ಬಿಟ್ಟರೆ ಚಿಗುರಿನಲ್ಲೇ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಚಳಿಗಾಲದ ಹೂ ಬಯಸುವವರು ಇಂಥ ಗೆಡ್ಡೆಗಳನ್ನು ತಾಯಿಗಿಡಗಳಾಗಿ ಬಳಸುತ್ತಾರೆ: ಜೂನ್‌ನಲ್ಲಿ ಕುಂಡಕ್ಕೆ ನೆಟ್ಟು, ಮಳೆಯ ಹೊಡೆತ ತಾಗದಂತೆ ಬೆಳೆಸಿ, ಆಗಸ್ಟ್‌ನಿಂದ ಸೆಪ್ಟೆಂಬರ್‌ವರೆಗೆ ಅವುಗಳಿಂದ ಮೂರು ನಾಲ್ಕು ಅಂಗುಲದ ಚಿಗುರುಗಳನ್ನು ಎಲೆಗೆಣ್ಣಿನ ಕೆಳಗೆ ಕತ್ತರಿಸಿ, ಮರಳಿನಲ್ಲಿ ಊರಿ, ಎರಡು ಮೂರು ವಾರಗಳಲ್ಲಿ ಬೇರು ಬಿಟ್ಟ ಮೇಲೆ ಬೇರೆ ಕುಂಡಗಳಿಗೆ ಸಾಗಿಸುತ್ತಾರೆ. ಬೇರುಬಿಟ್ಟ ಈ ಎಳೆಯ ಗಿಡಕ್ಕೆ ಎಲೆಯೂ ಇರುವುದರಿಂದ ಹಿಂಗಾರಿನ ಮಳೆಯಲ್ಲಿ ಅದು ಗೆಡ್ಡೆಯಷ್ಟು ಸುಲಭವಾಗಿ ಕೊಳೆಯುವುದಿಲ್ಲ, ಹಗಲು ಚಿಕ್ಕದಾಗುವ ಮೊದಲು ಮೈ ಬೆಳೆಸಿಕೊಳ್ಳಲು ಅವಕಾಶವೂ ಸಿಗುತ್ತದೆ. ಮಳೆಗೂ ಹಗಲಿಗೂ ನಡುವಿನ ಆ ಇಕ್ಕಟ್ಟಿಗೆ ಪೂರ್ಣ ಪರಿಹಾರ ಇದೇ. ಕಾರ್ತಿಕದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಮುಂದೆ ಕಡಲೆಕಾಯಿ ಪರಿಷೆ ನೆರೆಯುವ ಹೊತ್ತಿಗೆ ಇಂಥ ಗಿಡಗಳು ಮೊಗ್ಗಿನ ಹಂತಕ್ಕೆ ಬಂದಿರಬೇಕು, ಬಾರದಿದ್ದರೆ ಕಟಿಂಗ್ ತಡವಾಯಿತೆಂದೇ ಅರ್ಥ.

ಚಳಿಗಾಲದ ಇತರ ಗೆಡ್ಡೆಹೂಗಳ ಬಗ್ಗೆ ಸಂಕ್ಷೇಪವಾಗಿ ಹೇಳಬಹುದು. ಗ್ಲಾಡಿಯೋಲಸ್‌ನದು ಕಂದ, ಪ್ರತಿ ವರ್ಷ ಹಳೆಯ ಕಂದ ಕರಗಿ ಅದರ ಮೇಲೆ ಹೊಸದು ಕೂರುತ್ತದೆ, ಒಣ ಸಿಪ್ಪೆಯ ಹೊದಿಕೆಯಿರುವುದರಿಂದ ಕಾಪಿಡುವುದೂ ಸುಲಭ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿರುವ ಮೀರಾ, ನಜರಾನ, ಪೂನಂ, ಆರತಿ ಮೊದಲಾದ ತಳಿಗಳು ಇಲ್ಲಿನ ಹವೆಯಲ್ಲೇ ರೂಪುಗೊಂಡವಾದ್ದರಿಂದ ಹೊರನಾಡಿನ ಕಂದಗಳಿಗಿಂತ ಇವನ್ನೇ ಆಯ್ದುಕೊಳ್ಳುವುದು ಲೇಸು. ಚಳಿಗಾಲದಲ್ಲಿ ಕೆಲವು ನರ್ಸರಿಗಳಲ್ಲಿ ಕಾಣಸಿಗುವ ಸೈಕ್ಲಮೆನ್ ಮೆಡಿಟರೇನಿಯನ್ ತೀರದ್ದು. ಬೇಸಗೆಯ ಬರದಲ್ಲಿ ಮಲಗಿ ಚಳಿಗಾಲದಲ್ಲಿ ಅರಳುವುದು ಅದರ ಸ್ವಭಾವವಾದರೂ, ಒಣಬೇಸಗೆಯ ಬದಲು ಮಳೆಯ ಬೇಸಗೆಯಿರುವ ಈ ಊರಿನಲ್ಲಿ ಅದರ ಗೆಡ್ಡೆಯನ್ನು ಉಳಿಸುವುದು ಬಹು ಕಷ್ಟ, ಆರಂಭಿಸುವವರಿಗೆ ಅದು ತಕ್ಕುದಲ್ಲ.

ತಳಿ ಉಳಿಯಬೇಕಾದರೆ ಅದು ಒಂದಕ್ಕಿಂತ ಹೆಚ್ಚು ಮನೆಗಳಲ್ಲಿರಬೇಕು, ಏಕೆಂದರೆ ಒಂದು ಹೆಗ್ಗಣ, ಒಂದು ಕೆಟ್ಟ ಏಪ್ರಿಲ್ ಅಥವಾ ಮನೆ ಕೆಡವುವ ಒಂದು ನಿರ್ಧಾರ ಸಾಕು ಅದು ಇಲ್ಲವಾಗಲು. ಗೊಂಚಲೊಂದನ್ನು ಬಿಡಿಸಿದರೆ ಕಣ್ಣಿರುವ ನಾಲ್ಕೈದು ಗೆಡ್ಡೆಗಳು ಸಿಗುವುದರಿಂದ ಹಂಚಲು ಕೊರತೆಯಿಲ್ಲ. ಮಾರ್ಚ್‌ನಲ್ಲಿ ಅಗೆದೊಡನೆ ಕೊಡುವುದಕ್ಕಿಂತ, ಮೇ ತಿಂಗಳಲ್ಲಿ ಕಣ್ಣು ಒಡೆದ ಮೇಲೆ ಪ್ರತಿ ತುಂಡಿಗೂ ಚಿಗುರಿರುವಂತೆ ಹರಿತವಾದ ಚಾಕುವಿನಿಂದ ಕತ್ತರಿಸಿ ಕೊಟ್ಟರೆ ಪಡೆದವರಿಗೆ ಕುರುಡು ಗೆಡ್ಡೆಯ ಕಾಟವಿರುವುದಿಲ್ಲ. ಕೈತೋಟದ ಸ್ಪರ್ಧೆಗಳನ್ನು ನಡೆಸುವವರು, ಡಿಸೆಂಬರ್‌ನಲ್ಲಿ ಕೊಂಡು ತಂದ ಕುಂಡಕ್ಕೂ ಹಿಂದಿನ ವರ್ಷದ ಗೆಡ್ಡೆಯಿಂದ ಬೆಳೆಸಿದ ಗಿಡಕ್ಕೂ ಇರುವ ವ್ಯತ್ಯಾಸವನ್ನು ಅಂಕಗಳಲ್ಲಿ ತೋರಿಸಿ, ಸ್ವಂತ ಗೆಡ್ಡೆಯ ಡೇಲಿಯಾಕ್ಕೆ ಪ್ರತ್ಯೇಕ ಬಹುಮಾನವನ್ನೇ ಇಡುವುದು ಉಚಿತ; ತೀರ್ಪುಗಾರರು ಅಂಥ ಮನೆಗಳಿಗೆ ಜನವರಿಯಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಮರಳಿನ ಕುಂಡ ನೋಡಲು ಇನ್ನೊಮ್ಮೆ ಹೋಗಬೇಕಾಗುತ್ತದೆ.